ಅಜ್ಜ ತಂದ ಬಾವುಟ ಯಾರದು?

ಈ ಅಂಕಣಕ್ಕೆ ಸಾಮಾನ್ಯವಾಗಿ ಸ್ಟಾಂಪು, ನಾಣ್ಯ, ಹಳೇ ನೋಟುಗಳ ಪ್ರಶ್ನೆಗಳೇ ಬರುತ್ತವೆ. ಎರಡು ತಿಂಗಳ ಹಿಂದೆ ಯುದ್ಧಕಾಲದ ಫೀಲ್ಡ್ ಪೋಸ್ಟ್ ಲಕೋಟೆಗಳ ಬಗ್ಗೆ ಬರೆದಿದ್ದೆ. ಎರಡನೇ ಮಹಾಯುದ್ಧದಲ್ಲಿ ಸತ್ತ ಜಪಾನಿ ಸೈನಿಕರ ಬಾವುಟಗಳನ್ನು ಈಗ ಹುಡುಕಿ ಹುಡುಕಿ ಅವರ ಮನೆಯವರಿಗೆ ವಾಪಸ್ ಕೊಡುತ್ತಿದ್ದಾರೆ, ಅದು ಒಳ್ಳೆಯ ಕೆಲಸ ಅಂತ ಅದರಲ್ಲಿ ಒಂದು ಸಾಲು ಸೇರಿಸಿದ್ದೆ. ಲಕೋಟೆಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಬಂದ ಪತ್ರಗಳೆಲ್ಲ ಆ ಒಂದು ಸಾಲಿನ ಬಗ್ಗೆಯೇ. ಹಾಗಾಗಿ ಈ ತಿಂಗಳು ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ: ನಮ್ಮ ಅಜ್ಜ ಬರ್ಮಾ ಯುದ್ಧದಲ್ಲಿದ್ದವರು. ಬರುವಾಗ ಒಂದು ಜಪಾನಿ ಬಾವುಟ, ಒಂದು ಕತ್ತಿ, ಒಂದು ಹೆಲ್ಮೆಟ್ ತಂದಿದ್ದರು. ಬಾವುಟದ ತುಂಬಾ ಶಾಯಿಯಲ್ಲಿ ಏನೇನೋ ಬರೆದಿದೆ. ಅವರು ತೀರಿಕೊಂಡ ಮೇಲೆ ನನಗೂ ಇದರ ಹುಚ್ಚು ಹಿಡಿಯಿತು. ಹನ್ನೊಂದು ವರ್ಷದಿಂದ ಕೊಂಡು ಕೂಡಿಸಿದ್ದೇನೆ. ನೀರಿನ ಬಾಟಲಿ, ಬ್ಯಾಡ್ಜು, ಬೆಲ್ಟು, ಒಂದು ಕಟ್ಟು ಫೋಟೋ, ಹೀಗೆ ಒಂದು ಕೋಣೆ ತುಂಬಿದೆ. ಅಮ್ಮ ಆ ಕೋಣೆಗೆ ಕಾಲಿಡಲ್ಲ, ಸತ್ತವರ ಸಾಮಾನು ಅಂತಾರೆ. ನಿಮ್ಮ ಸಾಲು ಓದಿ ನನಗೆ ಬೇಜಾರಾಯಿತು. ಅಜ್ಜ ಪ್ರಾಣ ಪಣಕ್ಕಿಟ್ಟು ತಂದದ್ದನ್ನು ನಾನು ಯಾಕೆ ಕೊಡಬೇಕು? ನಾನು ಮಾಡುತ್ತಿರುವುದು ತಪ್ಪಾ?
— ಹೆಸರು ಬೇಡ, ವಿರಾಜಪೇಟೆ ತಾಲ್ಲೂಕು

ಉತ್ತರ: ನಿಮ್ಮ ಹವ್ಯಾಸದಲ್ಲಿ ತಪ್ಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಂಥವರು ಕೂಡಿಟ್ಟಿದ್ದರಿಂದಲೇ ಎಷ್ಟೋ ವಸ್ತುಗಳು ಗುಜರಿಗೆ ಹೋಗದೆ ಉಳಿದಿವೆ. ಇಂಫಾಲದ ಸುತ್ತಮುತ್ತ ಸ್ಥಳೀಯ ಹವ್ಯಾಸಿಗಳು ಗುಡ್ಡಗಳಲ್ಲಿ ಅಗೆದು ಹೆಲ್ಮೆಟ್ಟು, ಊಟದ ಡಬ್ಬಿ, ಬೂಟಿನ ಅಟ್ಟೆಗಳನ್ನು ಉಳಿಸಿದರು. 2019ರಲ್ಲಿ ಅಲ್ಲಿನ ಕೆಂಪು ಗುಡ್ಡದ ಹತ್ತಿರ ಶಾಂತಿ ಮ್ಯೂಸಿಯಂ ಆಗುವ ಹೊತ್ತಿಗೆ ಜನಕ್ಕೆ ಆ ಯುದ್ಧದ ನೆನಪು ಉಳಿದಿತ್ತು ಅಂದರೆ ಇಂಥವರಿಂದ.

ಆದರೆ ಆ ಕೋಣೆಯಲ್ಲಿರುವುದೆಲ್ಲ ಒಂದೇ ಜಾತಿಯ ವಸ್ತುವಲ್ಲ. ಯಾವ ವಸ್ತು ಕೈಗೆ ಬಂದರೂ ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದು ಸೈನ್ಯದ್ದಾ, ಸೈನಿಕನದ್ದಾ?

ಇದು ನಾನೇ ಕಟ್ಟಿದ ನಿಯಮ ಅಲ್ಲ. 1949ರ ಜಿನೀವಾ ಒಪ್ಪಂದ ಸೆರೆಸಿಕ್ಕ ಸೈನಿಕರ ವಿಷಯದಲ್ಲಿ ಹೆಚ್ಚುಕಡಿಮೆ ಇದೇ ಗೆರೆ ಎಳೆಯುತ್ತದೆ. ಆಯುಧ, ಸೇನೆಯ ಸಲಕರಣೆ, ಸೇನೆಯ ಕಾಗದಪತ್ರ ಕಿತ್ತುಕೊಳ್ಳಬಹುದು. ಅವನ ಸ್ವಂತ ಬಳಕೆಯ ವಸ್ತು, ಅವನ ಪದಕ, ಅವನ ಮನಸ್ಸಿಗೆ ಹತ್ತಿರವಾದ ವಸ್ತುಗಳನ್ನು ಮುಟ್ಟುವ ಹಾಗಿಲ್ಲ. ಸತ್ತವರ ಮೈಮೇಲೆ ಸಿಕ್ಕ ಇಂಥ ವಸ್ತುಗಳನ್ನು ಒಟ್ಟುಮಾಡಿ ಅವರ ದೇಶಕ್ಕೆ ತಲುಪಿಸಬೇಕು. ಹೆಣ ದೋಚಬಾರದು, ದೋಚಲು ಬಿಡಲೂಬಾರದು.

ಈ ಲೆಕ್ಕದಲ್ಲಿ ನಿಮ್ಮ ಹೆಲ್ಮೆಟ್ಟು, ನೀರಿನ ಬಾಟಲಿ, ಬೆಲ್ಟು ಸೈನ್ಯದ್ದು. ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಮಾಡಿ ಹಂಚಿದ್ದು. ಇಟ್ಟುಕೊಳ್ಳಿ. ಹೆಲ್ಮೆಟ್ಟಿನ ಒಳಗಡೆ ಹೆಸರು ಬರೆದಿದೆಯಾ ಅಂತ ಮಾತ್ರ ಒಮ್ಮೆ ನೋಡಿ.

ಬಾವುಟ ಹಾಗಲ್ಲ. ಅದನ್ನು ಸರ್ಕಾರ ಕೊಡುತ್ತಿರಲಿಲ್ಲ. ಹುಡುಗ ಯುದ್ಧಕ್ಕೆ ಹೊರಟಾಗ ಮನೆಯವರು, ಕೇರಿಯವರು, ಜೊತೆಗೆ ಓದಿದವರು, ಕೆಲಸದ ಜಾಗದವರು ಸೇರಿ ರೇಷ್ಮೆಯ ಅಥವಾ ಹತ್ತಿಯ ಬಾವುಟದ ಮೇಲೆ ತಮ್ಮ ತಮ್ಮ ಹೆಸರು ಬರೆದು ಕೊಡುತ್ತಿದ್ದರು. ನಡುವೆ ಕೆಂಪು ಸೂರ್ಯ, ಸುತ್ತ ಕಿರಣಗಳ ಹಾಗೆ ಹೆಸರುಗಳು. ಮೇಲ್ಗಡೆ ದಪ್ಪಕ್ಷರದಲ್ಲಿ ನಾಲ್ಕು ಅಕ್ಷರ ಇದ್ದರೆ ಅದು ಬಹುಮಟ್ಟಿಗೆ ‘ಬುಉನ್ ಚೋಕ್ಯೂ’. ಯುದ್ಧದಲ್ಲಿ ನಿನ್ನ ಅದೃಷ್ಟ ಕೊನೇತನಕ ಇರಲಿ ಅಂತ ಹಾರೈಕೆ. ಒಂದು ಅಂಚಿನಲ್ಲಿ ಉಳಿದವಕ್ಕಿಂತ ದೊಡ್ಡದಾಗಿ ಒಂದು ಹೆಸರು ಇರುತ್ತದೆ. ಅದೇ ಆ ಹುಡುಗನ ಹೆಸರು. ಕೆಲವದರಲ್ಲಿ ಊರಿನ ದೇಗುಲದ ಕೆಂಪು ಮುದ್ರೆಯೂ ಇರುತ್ತದೆ. ಅದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡಿರುತ್ತಿದ್ದರು. ಅದು ಇನ್ನೊಬ್ಬರ ಕೈಗೆ ಹೇಗೆ ಬರುತ್ತಿತ್ತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನಿಮ್ಮ ಅಜ್ಜನನ್ನು ನಾನು ಕಳ್ಳ ಅನ್ನುತ್ತಿಲ್ಲ. ದಯವಿಟ್ಟು ಹಾಗೆ ಓದಬೇಡಿ. 1944ರಲ್ಲಿ ಕೊಹಿಮಾ, ಇಂಫಾಲದಲ್ಲಿ, ಮುಂದಿನ ವರ್ಷ ಬರ್ಮಾದ ಅರಕಾನಿನಲ್ಲಿ ನಮ್ಮವರು ಪಟ್ಟ ಪಾಡು ಸಣ್ಣದಲ್ಲ. ನಿಮ್ಮ ಜಿಲ್ಲೆಯ ಜನರಲ್ ತಿಮ್ಮಯ್ಯನವರೇ ಅರಕಾನಿನ ಕಂಗಾವ್‌ನಲ್ಲಿ ಹೈದರಾಬಾದ್ ರೆಜಿಮೆಂಟಿನ ಬೆಟಾಲಿಯನ್ ಮುನ್ನಡೆಸಿದವರು. ಎದುರಿಗಿದ್ದದ್ದು ಎಂಥ ಸೈನ್ಯ ಅಂತಲೂ ಗೊತ್ತು. ಅಂಡಮಾನಿನ ಹೋಂಫ್ರೆಗಂಜ್‌ನಲ್ಲಿ 1944ರ ಜನವರಿ 30ರಂದು ಜಪಾನಿ ಸೇನೆ 44 ಮಂದಿ ಭಾರತೀಯರನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಂದಿತು. ಅಂಥವರ ಎದುರು ನಿಂತು ಗೆದ್ದವನಿಗೆ, ಗೆದ್ದ ಗುರುತಿಗೆ ಏನಾದರೂ ಒಂದು ಬೇಕು ಅನಿಸುವುದು ಸಹಜ. ಬಾವುಟ ಹಗುರ, ಜೇಬಲ್ಲಿ ಹಿಡಿಸುತ್ತದೆ. ಅವತ್ತು ಅವರು ಮಾಡಿದ್ದಕ್ಕೆ ಇವತ್ತು ನಾನು ಇಲ್ಲಿ ಕುರ್ಚಿ ಮೇಲೆ ಕೂತು ತೀರ್ಪು ಕೊಡಲಾರೆ.

ಆದರೆ ಅಜ್ಜ ತಂದದ್ದು ಒಂದು ವಿಷಯ, ನಾವು ಇಟ್ಟುಕೊಳ್ಳುವುದು ಇನ್ನೊಂದು. ಯುದ್ಧ ಮುಗಿದು ಎಂಬತ್ತು ವರ್ಷ ದಾಟಿತು. ಹೊರದೇಶಗಳಲ್ಲಿ ಸತ್ತ ಜಪಾನಿಯರು ಸುಮಾರು 24 ಲಕ್ಷ. ಅವರಲ್ಲಿ 11 ಲಕ್ಷಕ್ಕೂ ಜಾಸ್ತಿ ಜನರ ಮೂಳೆ ಕೂಡ ಊರಿಗೆ ಬಂದಿಲ್ಲ. ಎಷ್ಟೋ ಮನೆಗಳಿಗೆ ಒಂದು ಸಣ್ಣ ಮರದ ಪೆಟ್ಟಿಗೆ ಬಂತು. ತೆರೆದು ನೋಡಿದರೆ ಒಂದು ಕಲ್ಲು, ಇಲ್ಲವೇ ಹೆಸರು ಬರೆದ ಚೀಟಿ. ಅಂಥ ಮನೆಗೆ ನಿಮ್ಮ ಬಾವುಟ ಹೋದರೆ ಅದು ಬಾವುಟವಾಗಿ ಹೋಗಲ್ಲ.

ನನ್ನದೊಂದು ವಿಷಯ ಹೇಳುತ್ತೇನೆ. 1987ರಲ್ಲಿ ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ನಲವತ್ತು ರೂಪಾಯಿಗೆ ಒಂದು ಬಟ್ಟೆ ಪಟ್ಟಿ ಕೊಂಡೆ. ಒಂದು ಗೇಣಿಗಿಂತ ಕಡಿಮೆ ಅಗಲ, ಸೊಂಟಕ್ಕೆ ಸುತ್ತುವಷ್ಟು ಉದ್ದ. ಹಳದಿಯಾದ ಹತ್ತಿ ಬಟ್ಟೆ, ಅದರ ಮೇಲೆ ಸಾಲು ಸಾಲಾಗಿ ಕೆಂಪು ದಾರದ ಗಂಟು. ಒಂದು ಮೂಲೆಯಲ್ಲಿ ನಡುವೆ ತೂತಿರುವ ಒಂದು ನಾಣ್ಯ ಹೊಲಿದಿತ್ತು. ನಾನು ಕೊಂಡದ್ದೇ ಆ ನಾಣ್ಯಕ್ಕೆ. ಜಪಾನಿನ 5 ಸೆನ್. ಮನೆಗೆ ಬಂದವನೇ ಬ್ಲೇಡಿನಲ್ಲಿ ದಾರ ಕತ್ತರಿಸಿ ನಾಣ್ಯ ಬಿಡಿಸಿದೆ, ಆಲ್ಬಮ್ಮಿಗೆ ಸೇರಿಸಿದೆ. ಒಂದೆರಡು ವರ್ಷದಲ್ಲಿ ಅದನ್ನು ಬೇರೊಬ್ಬರಿಗೆ ಕೊಟ್ಟು ಬದಲಿಗೆ ಇನ್ನೊಂದು ತಗೊಂಡೆ. ಪಟ್ಟಿ ಟ್ರಂಕಿನ ತಳಕ್ಕೆ ಹೋಯಿತು.

ಎಷ್ಟೋ ವರ್ಷದ ಮೇಲೆ ಬಿಡದಿಯ ಕಡೆ ಕೆಲಸಕ್ಕೆ ಬಂದಿದ್ದ ಒಬ್ಬ ಜಪಾನಿ ಇಂಜಿನಿಯರ್ ಸ್ಟಾಂಪು ನೋಡಲು ಮನೆಗೆ ಬಂದರು. ಪಟ್ಟಿಯನ್ನೂ ತೋರಿಸಿದೆ. ಅವರು ಎರಡೂ ಕೈಯಲ್ಲಿ ತಗೊಂಡರು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಇದು ಸೆನ್ನಿನ್‌ಬರಿ, ಸಾವಿರ ಹೊಲಿಗೆಯ ಪಟ್ಟಿ. ತಾಯಿಯೋ ಅಕ್ಕನೋ ಹೆಂಡತಿಯೋ ಬೀದಿಯಲ್ಲಿ, ಸ್ಟೇಷನ್ನಿನಲ್ಲಿ ನಿಂತು ಹೋಗಿಬರುವ ಹೆಂಗಸರನ್ನು ಒಂದೊಂದು ಗಂಟು ಹಾಕಿಕೊಡಿ ಅಂತ ಕೇಳುತ್ತಿದ್ದರು. ಸಾವಿರ ಹೆಂಗಸರು, ಸಾವಿರ ಗಂಟು. ಅವರ ಪಂಚಾಂಗದ ಹುಲಿ ವರ್ಷದಲ್ಲಿ ಹುಟ್ಟಿದ ಹೆಂಗಸು ಮಾತ್ರ ತನ್ನ ವಯಸ್ಸಿನಷ್ಟು ಗಂಟು ಹಾಕಬಹುದಿತ್ತು. ನಾಣ್ಯದ ಗುರುತು ನೋಡಿ ಅವರು ಕೇಳಿದರು, ಇಲ್ಲಿ 5 ಸೆನ್ ಇತ್ತಲ್ವಾ? ಅವರ ಭಾಷೆಯಲ್ಲಿ ನಾಲ್ಕು ಸೆನ್ ಅಂದರೆ ‘ಶಿ ಸೆನ್’. ಸಾವಿನ ಗೆರೆ ಅನ್ನುವುದಕ್ಕೂ ಅದೇ ಉಚ್ಚಾರ. ಐದು ಸೆನ್ ಹೊಲಿದರೆ ಮಗ ಸಾವಿನ ಗೆರೆ ದಾಟಿ ಬರುತ್ತಾನೆ ಅಂತ ನಂಬಿಕೆ.

ಆ ರಾತ್ರಿ ಗುಂಡುಪಿನ್ನಿನ ತುದಿ ಇಟ್ಟುಕೊಂಡು ಗಂಟುಗಳನ್ನು ಎಣಿಸಿದೆ. ಸಾವಿರ ಇತ್ತು. ಕೆಲವು ಬಿಗಿ, ಕೆಲವು ಸಡಿಲ. ಕೆಲವು ಗಂಟು ಸೊಟ್ಟಗಿದ್ದವು, ಕೈ ನಡುಗುವ ವಯಸ್ಸಿನವರು ಹಾಕಿದ್ದಿರಬೇಕು. ಒಂದು ಕಡೆ ಒಟ್ಟಿಗೆ ಮೂವತ್ತರ ಹತ್ತಿರ ಗಂಟು ಒಂದೇ ಕೈಯವು. ಹುಲಿ ವರ್ಷದವಳು ಅಂದುಕೊಂಡೆ. ಮೂಲೆಯಲ್ಲಿ ನಾನು ಕತ್ತರಿಸಿದ ದಾರದ ಎರಡು ತುದಿ ಹಾಗೇ ಇದ್ದವು.

ಆ ಪಟ್ಟಿಯ ಮೇಲೆ ಹೆಸರಿಲ್ಲ. ಹಾಗಾಗಿ ಅದು ಇನ್ನೂ ನನ್ನ ಹತ್ತಿರವೇ ಇದೆ, ಒಗೆದ ಮಲ್ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನಿಮ್ಮ ಬಾವುಟದ ಮೇಲೆ ಹೆಸರಿದೆ. ನಿಮಗೆ ದಾರಿ ಇದೆ, ನನಗೆ ಇರಲಿಲ್ಲ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಈಗ ಮಾಡಬೇಕಾದದ್ದು. ಬಾವುಟವನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ. ಬಿಸಿಲಿಲ್ಲದ ಬೆಳಕಿನಲ್ಲಿ ಹಾಸಿ ಪೂರ್ತಿಯಾಗಿ ಒಂದು, ಮೂಲೆ ಮೂಲೆಗೆ ಒಂದೊಂದು ಫೋಟೋ ತೆಗೆಯಿರಿ. ಅಮೆರಿಕದ ಆರೆಗಾನ್ ರಾಜ್ಯದ ಆಸ್ಟೋರಿಯಾ ಊರಿನಲ್ಲಿ ಓಬೋನ್ ಸೊಸೈಟಿ ಅಂತ ಒಂದು ಸಂಸ್ಥೆ ಇದೆ. ಒಬ್ಬ ಅಮೆರಿಕನ್ ಮತ್ತು ಅವರ ಜಪಾನಿ ಹೆಂಡತಿ 2009ರಲ್ಲಿ ಶುರು ಮಾಡಿದ್ದು. ಆ ಹೆಂಡತಿಯ ಅಜ್ಜನೂ ಬರ್ಮಾದಲ್ಲೇ ಸತ್ತವರು. ಅವರ ಬಾವುಟ ಒಬ್ಬ ಕೆನಡಾದವರ ಹತ್ತಿರ ಸಿಕ್ಕಿ ಮನೆಗೆ ವಾಪಸ್ ಬಂದಿತ್ತು. ಅಲ್ಲಿಂದ ಈ ಕೆಲಸ ಬೆಳೆಯಿತು. ಈಗ ನೂರಾರು ಬಾವುಟ ಮನೆ ಸೇರಿವೆ. ಫೋಟೋ ಕಳಿಸಿದರೆ ಹೆಸರು ಓದಿ, ಊರು ಹುಡುಕಿ, ವಂಶದವರನ್ನು ಹುಡುಕುತ್ತಾರೆ. ನಿಮ್ಮ ಅಜ್ಜನ ಹೆಸರು, ಅವರ ರೆಜಿಮೆಂಟು, ಎಲ್ಲಿದ್ದರು ಅನ್ನುವುದನ್ನೂ ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಆ ಮನೆಯವರಿಗೆ ಅದೂ ಬೇಕಾಗುತ್ತದೆ.

ಫೋಟೋ ಕಟ್ಟಿನ ಹಿಂಭಾಗ ನೋಡಿ. ಹೆಸರೋ ಸ್ಟುಡಿಯೋ ಮುದ್ರೆಯೋ ಇದ್ದರೆ ಅವುಗಳಿಗೂ ಇದೇ ಮಾತು.

ಕತ್ತಿಯದು ಎರಡೂ ಆಗಬಹುದು. ಹಿಡಿಯ ಹತ್ತಿರ ಅಲಗಿನ ಮೇಲೆ ನಂಬರು ಕುಟ್ಟಿದ್ದರೆ ಅದು ಹವಾಲ್ದಾರರಂಥ ಕೆಳದರ್ಜೆಯವರಿಗೆ ಕಾರ್ಖಾನೆಯಲ್ಲಿ ಮಾಡಿಕೊಟ್ಟ ಕತ್ತಿ. ಸೈನ್ಯದ್ದು. ಆದರೆ ಎಷ್ಟೋ ಅಧಿಕಾರಿಗಳು ಮನೆತನದ ಹಳೇ ಅಲಗಿಗೆ ಮಿಲಿಟರಿ ಹಿಡಿ, ಮಿಲಿಟರಿ ಒರೆ ಹಾಕಿಸಿಕೊಂಡು ಬಂದಿದ್ದರು. ಹಿಡಿಯಲ್ಲಿರುವ ಬಿದಿರಿನ ಸಣ್ಣ ಆಣಿ ತೆಗೆದರೆ ಒಳಗಿನ ಕಬ್ಬಿಣದ ಮೇಲೆ ಮಾಡಿದವನ ಹೆಸರು ಕೊರೆದಿರಬಹುದು. ಆ ಭಾಗದ ತುಕ್ಕು ಉಜ್ಜಬೇಡಿ. ಕತ್ತಿಯ ವಯಸ್ಸು ಹೇಳುವುದೇ ಆ ತುಕ್ಕು. ಇನ್ನೊಂದು, ಕೊಡಗಿನವರಿಗೆ ಆಯುಧ ಕಾಯ್ದೆಯಲ್ಲಿ ವಿನಾಯಿತಿ ಇದೆ ಅಂತ ಯುದ್ಧಕಾಲದ ಪಿಸ್ತೂಲು, ರಿವಾಲ್ವರನ್ನೆಲ್ಲ ಸುಮ್ನೆ ಕೊಂಡುಕೊಳ್ಳಬೇಡಿ. ಡಿಸಿ ಕಚೇರಿಯಲ್ಲಿ ಕೇಳಿ, ಉತ್ತರ ಲಿಖಿತವಾಗಿ ತಗೊಳ್ಳಿ. ಇಷ್ಟೂ ವಸ್ತುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಬೇಡ ಅನಿಸಿದರೆ ಮಡಿಕೇರಿಯಲ್ಲಿ ತಿಮ್ಮಯ್ಯನವರ ‘ಸನ್ನಿ ಸೈಡ್’ ಮನೆ 2021ರಿಂದ ಮ್ಯೂಸಿಯಂ ಆಗಿದೆ. ಹೋಗಿ ಮಾತಾಡಿ.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಆ ಕೋಣೆಯಲ್ಲಿ ಅವರನ್ನು ತಡೆಯುತ್ತಿರುವುದು ಹೆಲ್ಮೆಟ್ಟಲ್ಲ ಅಂತ ನನಗೆ ಅನಿಸುತ್ತದೆ.

ಪ್ರಶ್ನೆ: ಟಿಪ್ಪುವಿನ ಕತ್ತಿ, ಹುಲಿ ಗೊಂಬೆ, ಉಂಗುರ ಎಲ್ಲವನ್ನೂ ಇಂಗ್ಲೆಂಡಿನವರು ತಗೊಂಡು ಹೋದರು. ಅವರು ವಾಪಸ್ ಕೊಟ್ಟರಾ? ಲೋಕದಲ್ಲಿ ಯಾರೂ ಕೊಡದಿರುವಾಗ ನಾವು ಮಾತ್ರ ಜಪಾನಿನವರಿಗೆ ಕೊಡಬೇಕು ಅನ್ನುವುದು ಯಾವ ನ್ಯಾಯ?
— ಓದುಗರು, ಶ್ರೀರಂಗಪಟ್ಟಣ

ಉತ್ತರ: ನಿಮ್ಮ ಊರಿನಿಂದ ಈ ಪ್ರಶ್ನೆ ಬಂದದ್ದು ಒಳ್ಳೆಯದೇ ಆಯಿತು. ಟಿಪ್ಪು ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅಲ್ಲಿ ನಡೆದದ್ದು ಶತ್ರುವಿನ ವಸ್ತು ಸಂಗ್ರಹವೇ. ಆ ರಾತ್ರಿ ಸೈನಿಕರು ಮನೆಮನೆ ನುಗ್ಗಿ ದೋಚಿದರು. ನಿಲ್ಲಿಸಲು ಬ್ರಿಟಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಅರಮನೆಯ ಸಂಪತ್ತನ್ನು ಮಾತ್ರ ಲೆಕ್ಕ ಹಾಕಿ, ಪದವಿ ನೋಡಿ ಪಾಲು ಮಾಡಿದರು. ಪಾಲಿಗಾಗಿ ಸಿಂಹಾಸನವನ್ನೇ ಒಡೆದು ತುಂಡು ಮಾಡಿದರು. ಅದರ ಹುಲಿ ತಲೆಗಳು ಇವತ್ತು ದಿಕ್ಕಿಗೊಂದು ಆಗಿವೆ.

ಇಲ್ಲೂ ನನ್ನ ಗೆರೆ ಹಾಗೇ ಇದೆ. ಕೋಟೆಯ ಫಿರಂಗಿ ತಗೊಂಡು ಹೋದದ್ದಕ್ಕೆ ನನಗೆ ಅಷ್ಟು ಸಂಕಟ ಇಲ್ಲ. ಅದು ಯುದ್ಧದ ಸಾಮಾನು. ಮಲಗುವ ಕೋಣೆಯಲ್ಲಿ ಒಂದು ಪುಸ್ತಕ ಸಿಕ್ಕಿತು. ಟಿಪ್ಪು ತನಗೆ ಬಿದ್ದ ಕನಸುಗಳನ್ನು ತನ್ನ ಕೈಯಾರೆ ಬರೆದಿಟ್ಟಿದ್ದ ಪುಸ್ತಕ. ಯಾರಿಗೂ ತೋರಿಸದೆ ಇಟ್ಟದ್ದು. ಅದು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದೇ ಮಲಗುವ ಕೋಣೆಯ ಕತ್ತಿ 2023ರ ಮೇಯಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. 1 ಕೋಟಿ 40 ಲಕ್ಷ ಪೌಂಡು, ನಮ್ಮ ಲೆಕ್ಕದಲ್ಲಿ ಸುಮಾರು 140 ಕೋಟಿ ರೂಪಾಯಿ. ಆ ಕತ್ತಿಯನ್ನು ಗೆದ್ದ ಸೈನ್ಯ ಜನರಲ್ ಬೇರ್ಡ್‌ಗೆ ಉಡುಗೊರೆ ಕೊಟ್ಟಿತ್ತು. ಈ ಬೇರ್ಡ್ ಯಾರು? 1780ರ ಪೊಳ್ಳಿಲೂರು ಯುದ್ಧದಲ್ಲಿ ಸಿಕ್ಕಿಬಿದ್ದು ಇದೇ ಶ್ರೀರಂಗಪಟ್ಟಣದ ಸೆರೆಮನೆಯಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಬೇಡಿ ಹಾಕಿಸಿಕೊಂಡು ಇದ್ದವನು. ಅವನ ಸಿಟ್ಟಿಗೂ ಕಾರಣ ಇತ್ತು, ವಿರಾಜಪೇಟೆಯ ಅಜ್ಜನ ಸಿಟ್ಟಿಗೆ ಇದ್ದ ಹಾಗೆ. ಆದರೂ ಹರಾಜಿನ ಸುದ್ದಿ ಓದಿದಾಗ ನಿಮಗೆ ಹೊಟ್ಟೆಯಲ್ಲಿ ಒಂದು ಥರ ಆಯಿತಲ್ಲ? ನನಗೂ ಆಯಿತು. ಜಪಾನಿನ ಯಾವುದೋ ಹಳ್ಳಿಯಲ್ಲಿ, ಅಣ್ಣನ ಬಾವುಟ ಆನ್‌ಲೈನಿನಲ್ಲಿ ಮಾರಾಟಕ್ಕಿದೆ ಅಂತ ನೋಡಿದ ತಮ್ಮನಿಗೆ ಆಗುವುದೂ ಅದೇ.

ಯಾರೂ ಕೊಟ್ಟಿಲ್ಲ ಅನ್ನುವುದೂ ಸರಿಯಲ್ಲ. 1900ರಲ್ಲಿ ಚೀನಾದ ಬಾಕ್ಸರ್ ದಂಗೆಯ ಹೊತ್ತಿಗೆ ಬ್ರಿಟಿಷರ ಪಡೆಗಳು ಬೀಜಿಂಗ್ ಹೊಕ್ಕಾಗ ಅಲ್ಲಿನ ಸ್ವರ್ಗ ದೇಗುಲದ ಒಂದು ಗಂಟೆ ಭಾರತಕ್ಕೆ ಬಂದಿತ್ತು. ಅದನ್ನು 1990ರ ದಶಕದಲ್ಲಿ ನಮ್ಮ ಸೇನೆಯೇ ವಾಪಸ್ ಕೊಟ್ಟಿತು. ಅದೂ 1962ರ ಯುದ್ಧ ಆಗಿ, ಗಡಿ ತಕರಾರು ಮುಗಿಯದೇ ಇದ್ದ ಕಾಲದಲ್ಲಿ. ನಮ್ಮ ಜನರಲ್ಲಿ ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ನನಗೆ ಇದು ಹೆಮ್ಮೆಯ ವಿಷಯ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಎರಡನೇ ಮಹಾಯುದ್ಧದ ಜರ್ಮನ್ ಸೇನೆಯ ಯೂನಿಫಾರ್ಮು, ಬ್ಯಾಡ್ಜುಗಳ ಡಿಸೈನ್ ನನಗೆ ತುಂಬಾ ಇಷ್ಟ. ನಾನು ನಾಜಿ ಬೆಂಬಲಿಗ ಖಂಡಿತ ಅಲ್ಲ. ಒಂದು ಐರನ್ ಕ್ರಾಸ್, ಒಂದು ಸ್ವಸ್ತಿಕದ ತೋಳುಪಟ್ಟಿ ಆನ್‌ಲೈನಿನಲ್ಲಿ ನೋಡಿದ್ದೇನೆ. ಕೊಳ್ಳಬಹುದಾ? ಕಾಲೇಜು ಫೆಸ್ಟಿನಲ್ಲಿ ಹಾಕಿಕೊಂಡರೆ ತಪ್ಪಾಗುತ್ತದಾ?
— ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು. ಹಾಕಿಕೊಳ್ಳಬೇಡಿ. ನಮ್ಮ ಬಾಗಿಲ ರಂಗೋಲಿಯ ಸ್ವಸ್ತಿಕ ಬೇರೆ, ಆ ತೋಳುಪಟ್ಟಿಯ ಗುರುತು ಬೇರೆ. ಅದನ್ನು ತೊಟ್ಟವರು 60 ಲಕ್ಷ ಯಹೂದಿಗಳನ್ನು ಕೊಂದರು. ನಿಮ್ಮ ಮನಸ್ಸಿನಲ್ಲಿ ಏನಿದೆ ಅಂತ ತೋಳುಪಟ್ಟಿಗೆ ಗೊತ್ತಿರುವುದಿಲ್ಲ, ನೋಡುವವರಿಗೂ ಗೊತ್ತಿರುವುದಿಲ್ಲ. ಜರ್ಮನಿಯಲ್ಲಿ ಇಂಥ ಗುರುತುಗಳನ್ನು ಎಲ್ಲರೆದುರು ತೋರಿಸುವುದು ಅಪರಾಧ. ಪಾಠ, ಸಂಶೋಧನೆ, ಕಲೆಗೆ ಮಾತ್ರ ರಿಯಾಯಿತಿ. 2000ದಲ್ಲಿ ಫ್ರಾನ್ಸಿನ ಕೋರ್ಟು ಯಾಹೂ ಹರಾಜಿನಲ್ಲಿದ್ದ ನಾಜಿ ವಸ್ತುಗಳು ಅಲ್ಲಿನವರಿಗೆ ಸಿಗದ ಹಾಗೆ ತಡೆಯಬೇಕು ಅಂತ ಆದೇಶ ಮಾಡಿತ್ತು.

ಐರನ್ ಕ್ರಾಸ್ ಕಥೆ ಸ್ವಲ್ಪ ಬೇರೆ. ಅದು 1813ರಷ್ಟು ಹಳೆಯ ಪ್ರಷ್ಯಾದ ಪದಕ. ನಡುವೆ ಸ್ವಸ್ತಿಕ ಬಂದದ್ದು 1939ರದರಲ್ಲಿ. ಯುದ್ಧದ ಮೇಲೆ ಪಶ್ಚಿಮ ಜರ್ಮನಿ 1957ರಲ್ಲಿ ಕಾನೂನು ಮಾಡಿ, ಸ್ವಸ್ತಿಕ ತೆಗೆದು ಧರಿಸಬಹುದು ಅಂದಿತು. ಅಂದರೆ ಸೈನಿಕನ ಧೈರ್ಯವನ್ನೂ ನಾಜಿ ಪಕ್ಷವನ್ನೂ ಬಿಡಿಸಿ ನೋಡಲು ಅವರೇ ಒದ್ದಾಡಿದ್ದಾರೆ. ಪದಕ ಸಂಗ್ರಹ ಮಾಡುವವರು, ಚರಿತ್ರೆ ಓದುವವರು ಅದನ್ನು ಇಟ್ಟುಕೊಂಡರೆ ನಾನು ತಪ್ಪು ಅನ್ನಲ್ಲ. ಗೋಡೆಗೆ ನೇತುಹಾಕಬೇಡಿ. ಡ್ರಾಯರಿನಲ್ಲಿಡಿ, ಏನು ಎತ್ತ ಅಂತ ಒಂದು ಚೀಟಿ ಬರೆದಿಡಿ. ತೋಳುಪಟ್ಟಿ ಮಾತ್ರ ಬೇಡವೇ ಬೇಡ. ಅದು ಸೈನ್ಯದ್ದೂ ಅಲ್ಲ, ಸೈನಿಕನದ್ದೂ ಅಲ್ಲ. ಪಕ್ಷದ್ದು.

ನಾಜಿ ಕ್ಯಾಂಪಿನ ಕೈದಿಯ ಪಟ್ಟೆ ಅಂಗಿ, ಯಹೂದಿಗಳಿಗೆ ಬಲವಂತವಾಗಿ ತೊಡಿಸಿದ ಹಳದಿ ನಕ್ಷತ್ರ ಯಾರಾದರೂ ಮಾರಲು ಬಂದರೆ ದರ ಕೂಡ ಕೇಳಬೇಡಿ. ಅವು ಇರಬೇಕಾದ ಜಾಗ ಮ್ಯೂಸಿಯಂ.

ಇದಕ್ಕೆ ಸುರಿಯುವ ದುಡ್ಡಿನ ಬಗ್ಗೆಯೂ ಯೋಚನೆ ಮಾಡಿ. 2019ರಲ್ಲಿ ಮ್ಯೂನಿಕ್ಕಿನಲ್ಲಿ ಹಿಟ್ಲರನ ಟೋಪಿ ಮತ್ತಿತರ ವಸ್ತುಗಳು ಹರಾಜಿಗೆ ಬಂದವು. ಲೆಬನಾನ್ ಮೂಲದ ಅಬ್ದಲ್ಲಾ ಶಾತಿಲಾ ಅನ್ನುವ ಸ್ವಿಟ್ಜರ್ಲೆಂಡಿನ ವ್ಯಾಪಾರಿ ಸುಮಾರು 6 ಲಕ್ಷ ಯೂರೋ ಕೊಟ್ಟು ಕೊಂಡರು. ನಾಜಿ ಅಭಿಮಾನಿಗಳ ಕೈಗೆ ಅವು ಹೋಗಬಾರದು ಅನ್ನುವುದೇ ಅವರ ಉದ್ದೇಶ. ಎಲ್ಲವನ್ನೂ ಯಹೂದಿ ಸಂಸ್ಥೆಗೆ ದಾನ ಕೊಟ್ಟರು. ಅವರು ಯಹೂದಿಯಲ್ಲ. ನನಗೆ ಗೊತ್ತಿರುವ ಸಂಗ್ರಹಕಾರರಲ್ಲಿ ಇಂಥ ಖರೀದಿ ಬೇರೆ ಯಾರೂ ಮಾಡಿಲ್ಲ.

ಕೊನೆಗೆ ಹಿರಿಯನಾಗಿ ಒಂದು ಮಾತು. ನಾಜಿ ವಸ್ತುಗಳ ಮಾರುಕಟ್ಟೆಯಲ್ಲಿ ನಕಲಿಯೇ ಜಾಸ್ತಿ. ಹಾಸ್ಟೆಲ್ ಫೀಸಿನ ದುಡ್ಡು ಹಾಳುಮಾಡಿಕೊಳ್ಳಬೇಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಹಿತ್ತಾಳೆಯ ದೊಡ್ಡ ಶೆಲ್ಲನ್ನು ಹೂದಾನಿ ಮಾಡಿ ಇಟ್ಟಿದ್ದಾರೆ. ಇಡಬಹುದಾ?
— ಗೃಹಿಣಿ, ದಾವಣಗೆರೆ

ಉತ್ತರ: ಧಾರಾಳವಾಗಿ. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ಕೂತ ಸೈನಿಕರೇ ಖಾಲಿ ಶೆಲ್ಲುಗಳ ಮೇಲೆ ಹೂಬಳ್ಳಿ ಕೆತ್ತಿ ಹೂದಾನಿ ಮಾಡುತ್ತಿದ್ದರು. ತಳದಲ್ಲಿ ನಡುವೆ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದರ ಮೇಲೆ ಫಿರಂಗಿಯ ಸೂಜಿ ಹೊಡೆದ ತಗ್ಗು ಇಲ್ಲದಿದ್ದರೆ ಅದು ಇನ್ನೂ ಸಿಡಿಯದ ಶೆಲ್ಲು ಇರಬಹುದು, ಅದನ್ನು ಅಲ್ಲಾಡಿಸಬೇಡಿ, 112ಕ್ಕೆ ಫೋನ್ ಮಾಡಿ. ಮಣ್ಣಿನಲ್ಲಿ ಸಿಕ್ಕ ಗ್ರನೇಡು, ಬಾಂಬುಗಳನ್ನು ಯಾವತ್ತೂ ಮುಟ್ಟಬಾರದು. ಮಣಿಪುರದಲ್ಲಿ ಆ ಯುದ್ಧದ ಬಾಂಬು ಇವತ್ತಿಗೂ ಸಿಗುತ್ತವೆ, ಸಿಡಿಯುತ್ತವೆ ಕೂಡ.

ಪ್ರಶ್ನೆ: ನಮ್ಮ ತಂದೆ ಸೇನೆಯಲ್ಲಿದ್ದರು. 1971ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನದ ಕಡೆ ಹೋಗಿದ್ದರು. ಹೋದ ವರ್ಷ ಅವರು ತೀರಿಕೊಂಡರು. ಟ್ರಂಕಿನ ತಳದಲ್ಲಿ ಒಂದು ಪಾಕಿಸ್ತಾನಿ ಸೈನಿಕನ ಟೋಪಿ ಬ್ಯಾಡ್ಜು, ಒಂದು ಮಗುವಿನ ಫೋಟೋ, ಒಂದು ಅಂಟಿಸಿದ ಲಕೋಟೆ ಸಿಕ್ಕಿತು. ಮೇಲೆ ಉರ್ದುವಿನಲ್ಲಿ ವಿಳಾಸ ಇದೆ, ಸ್ಟಾಂಪು ಹಚ್ಚಿಲ್ಲ. ಅಪ್ಪ ಇದರ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ. ತಮ್ಮ ಹರಾಜಿಗೆ ಹಾಕೋಣ ಅಂತಾನೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?
— ಒಬ್ಬ ಮಗಳು, ಬೆಳಗಾವಿ

ಉತ್ತರ: ತಂಗೀ, ಹರಾಜು ಬೇಡ. ನಿಮ್ಮ ಮನಸ್ಸು ಹೇಳಿದ್ದೇ ಸರಿ.

ಬ್ಯಾಡ್ಜು ಇಟ್ಟುಕೊಳ್ಳಿ. ಅಪ್ಪನ ಪದಕಗಳ ಜೊತೆಗೇ ಇರಲಿ. ಆ ಲಕೋಟೆ ಮತ್ತು ಫೋಟೋ ಬಗ್ಗೆ ನಾನು ಸಂಗ್ರಹಕಾರನಾಗಿ ಹೇಳುತ್ತಿಲ್ಲ. ನಾನು ಮೂವತ್ತೇಳು ವರ್ಷ ಅಂಚೆ ಇಲಾಖೆಯಲ್ಲಿದ್ದವನು. ಅದರಲ್ಲಿ ಏಳು ವರ್ಷ ಆರ್‌ಎಲ್‌ಓದಲ್ಲಿ, ಅಂದರೆ ರಿಟರ್ನ್ಡ್ ಲೆಟರ್ ಆಫೀಸಿನಲ್ಲಿ. ವಿಳಾಸದಾರರಿಗೆ ತಲುಪದ, ಕಳಿಸಿದವರಿಗೂ ವಾಪಸ್ ಹೋಗದ ಪತ್ರಗಳೆಲ್ಲ ಕೊನೆಗೆ ಬರುವ ಕಚೇರಿ ಅದು. ಪತ್ರ ಒಡೆಯುವ ಅಧಿಕಾರ ಇದ್ದದ್ದು ಅಲ್ಲಿ ಮಾತ್ರ, ಅದೂ ವಿಳಾಸ ಹುಡುಕುವುದಕ್ಕೆ ಮಾತ್ರ. ನಮ್ಮ ಹಿರಿಯ ಅಧಿಕಾರಿಯೊಬ್ಬರು ಒಡೆದ ಪತ್ರವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದರು. ಸಹಿ, ಊರು, ಅಷ್ಟೇ. ಅದು ಸಿಕ್ಕಿದ ಕೂಡಲೇ ಮಡಚಿಬಿಡುತ್ತಿದ್ದರು. ನಡುವಿನ ಸಾಲು ನಮ್ಮದಲ್ಲ ಅನ್ನುತ್ತಿದ್ದರು.

ಹಾಗಾಗಿ ಮೊದಲು ಲಕೋಟೆ ಒಡೆಯಬೇಡಿ. ವಿಳಾಸವನ್ನು ಮಾತ್ರ ಓದಿಸಿ. ನಿಮ್ಮೂರಲ್ಲಿ ಉರ್ದು ಓದುವವರಿಗೆ ಕೊರತೆ ಇಲ್ಲ. ವಯಸ್ಸಾದ ಮೇಷ್ಟ್ರು ಯಾರಾದರೂ ಇದ್ದರೆ ಅವರ ಹತ್ತಿರ ಹೋಗಿ, ಆ ಕಾಲದ ಕೈಬರಹ ಅವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಫೋಟೋ, ಹೆಸರು ಯಾವುದನ್ನೂ ವಾಟ್ಸಪ್ಪಿಗೆ, ಫೇಸ್‌ಬುಕ್ಕಿಗೆ ಹಾಕಬೇಡಿ. ಎರಡೂ ಕಡೆ ಬೈಯುವವರು ತುಂಬಾ ಜನ ಇದ್ದಾರೆ. ಆ ಮಗು ಈಗ ಬದುಕಿದ್ದರೆ ಐವತ್ತು ದಾಟಿರುತ್ತದೆ. ತನ್ನ ಅಪ್ಪನ ಸುದ್ದಿ ಅದಕ್ಕೆ ಹಾಗೆ ಗೊತ್ತಾಗಬಾರದು.

ನೀವೇ ನೇರವಾಗಿ ಪೋಸ್ಟ್ ಮಾಡುವುದೂ ಬೇಡ. 2025ರ ಮೇಯಲ್ಲಿ ಪಾಕಿಸ್ತಾನದಿಂದ ಬರುವ ಅಂಚೆಯನ್ನು ಭಾರತ ನಿಲ್ಲಿಸಿತು. ಅಲ್ಲಿಂದ ಉತ್ತರ ಬರುತ್ತದೆ ಅಂತ ನಂಬಿ ಕೂರಲಾಗದು. ಇದಕ್ಕೆ ಅಂತಲೇ ಇರುವ ದಾರಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿ. ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ವಿಭಾಗ ಜಿನೀವಾದಲ್ಲಿದೆ, ಸಮಿತಿಯ ಕಚೇರಿ ನವದೆಹಲಿಯಲ್ಲೂ ಇದೆ. 1971ರಲ್ಲಿ 93,000 ಜನ ಸೆರೆಯಾದಾಗ ಅವರ ಮತ್ತು ಅವರ ಮನೆಯವರ ನಡುವೆ ಪತ್ರ ಸಾಗಿಸಿದ್ದು ಇದೇ ಸಂಸ್ಥೆ. ಅವರಿಗೆ ಬರೆಯುವ ಮೊದಲು ನಿಮ್ಮ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಅಪ್ಪನ ಸೇವಾ ವಿವರ ತೋರಿಸಿ, ವಿಷಯ ತಿಳಿಸಿ. ನಾಳೆ ಯಾರೂ ನಿಮ್ಮನ್ನು ಯಾಕೆ, ಏನು ಅಂತ ಕೇಳುವ ಹಾಗಾಗಬಾರದು.

ಅಪ್ಪ ಯಾಕೆ ಇಟ್ಟುಕೊಂಡಿದ್ದರು ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದನ್ನು ಅಚ್ಚಿಗೆ ಹಾಕಿಲ್ಲ. ನನಗೆ ತೋಚುವುದು ಇಷ್ಟು. ನೆನಪಿಗೆ ಅಂತ ತಂದವರು ಅದನ್ನು ತೋರಿಸುತ್ತಾರೆ, ನಾಲ್ಕು ಜನರ ಹತ್ತಿರ ಹೇಳುತ್ತಾರೆ. ನಿಮ್ಮಪ್ಪ ಐವತ್ತು ವರ್ಷ ಅಂಟು ಕೂಡ ಬಿಡಿಸದೆ ಇಟ್ಟಿದ್ದಾರೆ. ಯಾರಾದರೂ ಅವರ ಕೈಗೆ ಕೊಟ್ಟು, ಇದನ್ನು ಅಂಚೆಗೆ ಹಾಕಿಬಿಡಿ ಅಂದಿರಬಹುದು. ಹಾಕಲು ಆಗದೇ ಉಳಿದಿರಬಹುದು.

ವಿಳಾಸ ಓದಿಸಿದ ಮೇಲೆ ನನಗೆ ಒಂದು ಕಾರ್ಡು ಹಾಕಿ. ಹಳೇ ಪಂಜಾಬಿನ, ಸಿಂಧಿನ ಅಂಚೆ ಕಚೇರಿಗಳ ಪಟ್ಟಿ ನನ್ನ ಹತ್ತಿರ ಇದೆ. ಯಾವ ಊರು, ಯಾವ ತಹಶೀಲು ಅಂತ ಕೂತು ಹುಡುಕಿ ಕೊಡುತ್ತೇನೆ.